ಸೈಲೆನ್ಸರಿಗೆ ಹತ್ತು ಸಾವಿರ, ಬ್ರೇಕಿಗೆ ಬಿಡಿಗಾಸಿಲ್ಲ!

ಸೆಕೆಂಡ್ ಹ್ಯಾಂಡ್ ಬೈಕು ತಂದ ಹುಡುಗ ಮೊದಲು ಮಾಡುವ ಕೆಲಸ ಎಂತ ಹೇಳಿ ನೋಡುವ. ಆಯಿಲ್ ಬದಲಿಸುವುದೇ? ಟೈರು ನೋಡುವುದೇ? ಆರ್.ಸಿ. ತನ್ನ ಹೆಸರಿಗೆ ಮಾಡಿಸುವುದೇ? ಯಾವುದೂ ಅಲ್ಲ ಮಾರಾಯ್ರೆ. ಕಂಪೆನಿಯ ಸೈಲೆನ್ಸರ್ ಕಳಚಿ ಅಟ್ಟಕ್ಕೆ ಎಸೆದು, ಬೊಬ್ಬೆ ಹಾಕುವ ಹೊಸತೊಂದನ್ನು ಸಿಕ್ಕಿಸುವುದು. ಎರಡನೆಯದ್ದು ಎದುರಿನವನ ಕಣ್ಣು ಕುಕ್ಕುವ ಬಿಳಿ ಲೈಟು. ಮೂರನೆಯದ್ದು ಟ್ಯಾಂಕಿನ ಮೇಲೆ ಸ್ಟಿಕ್ಕರು. ಇಷ್ಟಾಗುವಾಗ ಕಿಸೆ ಖಾಲಿ. ಬ್ರೇಕು, ಚೈನು, ಕೋನ್ ಸೆಟ್ಟು ಎಲ್ಲ 'ಮುಂದಿನ ತಿಂಗಳು'. ಆ ಮುಂದಿನ ತಿಂಗಳು ಬರುವ ಮೊದಲೇ ಆಗುಂಬೆಗೆ ಟೂರು!

ಇದರಲ್ಲಿ ನಮ್ಮ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳೇ ಬೇಕಾದಷ್ಟು ಮಂದಿ ಇದ್ದಾರೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವವರು, ದಿನಗೂಲಿಯಲ್ಲಿ ಪಾಠ ಮಾಡುವ ಎಳೆಯ ಮಾಷ್ಟ್ರುಗಳು. ಹೊಸ ಬೈಕಿನ ಬೆಲೆ ನಮ್ಮ ಸಂಬಳಕ್ಕೆ ಎಟುಕುವುದಿಲ್ಲ, ಹಾಗಾಗಿ ಹಳೆಯದ್ದು ತರುತ್ತಾರೆ. ಅದು ತಪ್ಪಲ್ಲ. ತಪ್ಪಲ್ಲ ಮಾತ್ರವಲ್ಲ, ಬುದ್ಧಿವಂತಿಕೆ ಅಂತಲೇ ನನ್ನ ಅಭಿಪ್ರಾಯ. 'ಹಳೆ ಬೈಕು ಅಂದರೆ ಇನ್ನೊಬ್ಬನ ತಲೆನೋವು ಹಣ ಕೊಟ್ಟು ತಂದಂತೆ' ಎಂದು ಸ್ಟಾಫ್ ರೂಮಿನಲ್ಲಿ ಉಪದೇಶ ಮಾಡುವ ಹಿರಿಯರಿಗೆ ನನ್ನದೊಂದು ನಮಸ್ಕಾರ. ಸಾಲ ಮಾಡಿ ಹೊಸತು ತೆಗೆದು ಐದು ವರ್ಷ ಕಂತು ಕಟ್ಟುವುದು ತಲೆನೋವಲ್ಲವೇ? ನನ್ನ ಜಗಳ ಹಳೆ ಬೈಕಿನ ಜೊತೆ ಅಲ್ಲ, ಅದಕ್ಕೆ ಹಣ ಸುರಿಯುವ ಕ್ರಮದ ಜೊತೆ.

ಈಗ ನಮ್ಮಲ್ಲಿ ಹೆಚ್ಚು ಕೈ ಬದಲಾಗುವ ಟೂರಿಂಗ್ ಬೈಕನ್ನೇ ತೆಗೆದುಕೊಳ್ಳಿ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿಯದ್ದು. 2016ರಲ್ಲಿ ಬಂತು. 2023ರಲ್ಲಿ 450 ಬಂದ ಮೇಲೆ ನಿಂತಿತು. ಹಾಗಾಗಿ ಈಗ ಸಿಗುವುದೆಲ್ಲ ಹಳತೇ. 24 ಚಿಲ್ಲರೆ ಅಶ್ವಶಕ್ತಿ, 15 ಲೀಟರಿನ ಟ್ಯಾಂಕು, ಮುಂದೆ 21 ಇಂಚಿನ ಚಕ್ರ, ಹಿಂದೆ 17. ತೂಕ ಹತ್ತಿರ ಹತ್ತಿರ 200 ಕಿಲೋ. ಓಡುವುದಕ್ಕಿಂತ ನಡೆಯಲು ಹುಟ್ಟಿದ ಗಾಡಿ ಅದು. ಎಮ್ಮೆಯ ಹಾಗೆ ನಿಧಾನ, ಆದರೆ ಹೊಂಡ ಗುಂಡಿ ನೋಡಿ ಹೆದರುವುದಿಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಮಳೆಗಾಲದಲ್ಲಿ ಹೋದವರಿಗೆ ಇದರ ಬೆಲೆ ಗೊತ್ತು.

ಇದರಲ್ಲಿ ಒಂದು ವಿಷಯವನ್ನು ಕೊಳ್ಳುವ ಮೊದಲೇ ನೋಡಬೇಕು. ಎಬಿಎಸ್ ಉಂಟೇ? ಹಿಮಾಲಯನ್‌ಗೆ ಅದು ಬಂದದ್ದು 2018ರಲ್ಲಿ. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ ಅದು ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಎಬಿಎಸ್ ಇಲ್ಲದ ಹಳೆಯದ್ದು ಸ್ವಲ್ಪ ಕಡಿಮೆಗೆ ಸಿಗುತ್ತದೆ ಎಂದು ಹುಡುಗರು ಅದನ್ನೇ ಹಿಡಿಯುತ್ತಾರೆ, ಉಳಿದ ಹಣವನ್ನು ಸೈಲೆನ್ಸರಿಗೂ ಲೈಟಿಗೂ ಹಾಕುತ್ತಾರೆ. ಅಲ್ಲ ಮಾರಾಯ್ರೆ, ಲೈಟು ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ. ಎಬಿಎಸ್ ಅಂಗಡಿಯಲ್ಲಿ ಸಿಗುತ್ತದೆಯೇ? ವರ್ಷಕ್ಕೆ ಮೂರು ಮೀಟರಿಗೂ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು. ಒದ್ದೆ ರಸ್ತೆಯಲ್ಲಿ ನಾಯಿ ಅಡ್ಡ ಬಂದಾಗ ಮುಂದಿನ ಚಕ್ರ ಲಾಕ್ ಆದರೆ ಏನಾಗುತ್ತದೆ ಎಂದು ವಿವರಿಸಬೇಕೇ?

ಸೈಲೆನ್ಸರಿನ ವಿಷಯಕ್ಕೇ ಬರುತ್ತೇನೆ. 'ಸರ್, ಪವರ್ ಜಾಸ್ತಿ ಆಗ್ತದೆ' ಅನ್ನುತ್ತಾರೆ. ಆಗುವುದು ಶಬ್ದ. ಈ ಎಂಜಿನ್‌ಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲ್ ಎಂದು ಲೆಕ್ಕ ಹಾಕುವ ಪೆಟ್ಟಿಗೆ ಒಳಗೆ ಉಂಟು. ಕಂಪೆನಿಯ ಪೈಪಿಗೆ ಹೊಂದಿಸಿದ ಲೆಕ್ಕ ಅದು. ಪೈಪು ಮಾತ್ರ ಬದಲಿಸಿದರೆ ಲೆಕ್ಕ ತಪ್ಪುತ್ತದೆ, ಅಷ್ಟೆ. ಹೆಚ್ಚಿನ ಪೈಪುಗಳಲ್ಲಿ ಹೊಗೆ ಶುದ್ಧ ಮಾಡುವ ಭಾಗವೂ ಇರುವುದಿಲ್ಲ. ಕೇರಳದ್ದೇ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ ಐದೈದು ಸಾವಿರ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಶಬ್ದ ಮಾಲಿನ್ಯಕ್ಕೆ ಬೇರೆ, ಹತ್ತು ಸಾವಿರದವರೆಗೆ. ಕೇರಳದ ಎಂವಿಡಿಯವರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂದು ಗಡಿಯಾಚೆಯವರಿಗೂ ಗೊತ್ತು.

ದಂಡದ ಮಾತು ಬಿಡಿ. ಶಾಲೆಯ ಎದುರಿನ ರಸ್ತೆಯಲ್ಲಿ ನಮ್ಮದೇ ಹಳೆ ವಿದ್ಯಾರ್ಥಿ ಡುಬು ಡುಬು ಮಾಡಿಕೊಂಡು ಹೋಗುವಾಗ ಒಳಗೆ ಒಂದನೇ ತರಗತಿಯ ಮಕ್ಕಳು 'ಅ ಆ' ಬಿಟ್ಟು ಕಿಟಕಿಗೆ ಓಡುತ್ತವೆ. ಟೀಚರ್ ಪುನಃ ಮೊದಲಿನಿಂದ ಶುರು ಮಾಡಬೇಕು. ಇವನೇ ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಕನ್ನಡ ಶಾಲೆ ಉಳಿಸಿ ಎಂದು ಭಾಷಣ ಮಾಡುವವ!

ಇನ್ನು ಲೈಟು. 40 ವ್ಯಾಟಿನ ಎರಡು ಲೈಟು ಅಂದರೆ 80 ವ್ಯಾಟು. 12 ವೋಲ್ಟಿಗೆ ಭಾಗಿಸಿ, ಆರೂವರೆ ಆಂಪಿಯರಿಗಿಂತ ಹೆಚ್ಚು. ಹತ್ತನೇ ತರಗತಿಯ ಲೆಕ್ಕ ಇದು, ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ತೆಗೆದವರೂ ಇದ್ದಾರೆ. ಅದೇ ಹುಡುಗ ರಿಲೇ ಇಲ್ಲದೆ, ಫ್ಯೂಸ್ ಇಲ್ಲದೆ, ಹಾರ್ನಿನ ಸಪೂರ ವಯರಿಗೆ ಎರಡು ಲೈಟು ಕಟ್ಟಿಸಿಕೊಂಡು ಬರುತ್ತಾನೆ. ವಯರು ಕರಗುತ್ತದೆ, ಬ್ಯಾಟರಿ ಸೋಲುತ್ತದೆ, ಆಮೇಲೆ 'ಗಾಡಿ ಸರಿ ಇಲ್ಲ ಸರ್'. ಮಂಜಿನ ಘಟ್ಟದಲ್ಲಿ ಹೆಚ್ಚಿನ ಬೆಳಕು ಬೇಕಾಗುತ್ತದೆ ಎನ್ನುವುದನ್ನು ಒಪ್ಪುತ್ತೇನೆ. ಹಾಗಾದರೆ ರಿಲೇ ಹಾಕಿ, ಫ್ಯೂಸ್ ಹಾಕಿ, ಬೆಳಕು ನೆಲ ನೋಡುವ ಹಾಗೆ ಬಗ್ಗಿಸಿ, ಎದುರಿನಿಂದ ವಾಹನ ಬರುವಾಗ ಆರಿಸಿ. ಎದುರಿನ ಬಸ್ಸಿನ ಡ್ರೈವರಿಗೆ ಕಣ್ಣು ಕಾಣದಿದ್ದರೆ ಆ ಬಸ್ಸು ಬಂದು ಬೀಳುವುದು ಯಾರ ಮೇಲೆ?

ಈಗ ಯಾರೂ ಕೇಳದ ಲೆಕ್ಕವೊಂದನ್ನು ಮಾಡುವ. 200 ಕಿಲೋ ಬೈಕು, 70 ಕಿಲೋ ಸವಾರ, ಗಂಟೆಗೆ 60 ಕಿ.ಮೀ. ಇದರ ಚಲನ ಶಕ್ತಿ ಸುಮಾರು 37,500 ಜೂಲ್. ಅದೇ ಬೈಕಿಗೆ ಗಾರ್ಡು, ಕ್ಯಾರಿಯರು, ಪೆಟ್ಟಿಗೆ ಎಲ್ಲ ಹಾಕಿ, ಹಿಂದೆ ಗೆಳೆಯನನ್ನು ಕೂರಿಸಿ, ಒಟ್ಟು 375 ಕಿಲೋ ಆಯಿತು ಅನ್ನಿ. ವೇಗ 80. ಈಗ ಸುಮಾರು 92,600 ಜೂಲ್. ಎರಡೂವರೆ ಪಾಲು! ಈ ಇಡೀ ಶಕ್ತಿಯನ್ನು ಬಿಸಿಯಾಗಿ ಹೀರಿಕೊಳ್ಳಬೇಕಾದ್ದು ಬೆರಳಗಲದ ಬ್ರೇಕ್ ಪ್ಯಾಡು. ಅದನ್ನು ಇಳಿದು ನೋಡಿದವರು ಎಷ್ಟು ಮಂದಿ?

ಪ್ಯಾಡಿನಲ್ಲಿ ದಪ್ಪ ಉಳಿದಿದ್ದರೆ ಸಾಲದು. ಬ್ರೇಕಿನ ಒಳಗಿರುವ ದ್ರವ ಉಂಟಲ್ಲ, ಡಾಟ್ 4 ಎಂದು ಮುಚ್ಚಳದ ಮೇಲೆ ಬರೆದಿರುತ್ತದೆ, ಅದು ಗಾಳಿಯಿಂದ ನೀರಿನಂಶ ಹೀರುತ್ತದೆ. ಹೊಸದಾಗಿರುವಾಗ ಅದು ಕುದಿಯುವುದು 230 ಡಿಗ್ರಿಗಿಂತ ಮೇಲೆ. ನೀರು ಸೇರಿ ಹಳತಾದದ್ದು 155 ಡಿಗ್ರಿಯ ಹತ್ತಿರವೇ ಕುದಿಯಬಹುದು. ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಇದೂ ಪಾಠದಲ್ಲಿ ಉಂಟು! ಆಗ ಲಿವರ್ ಹಿಡಿದರೆ ಸ್ಪಂಜು ಹಿಂಡಿದ ಹಾಗೆ ಕೈಗೆ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಇದು ಆಗುವುದು ಮನೆಯ ಅಂಗಳದಲ್ಲಿ ಅಲ್ಲ, ಚಾರ್ಮಾಡಿ ಇಳಿಯುವಾಗ. ಉಪ್ಪಿನ ಡಬ್ಬಿ ತೆರೆದಿಟ್ಟರೆ ಸಂಜೆಗೆ ನೀರೊಡೆಯುವ ಊರು ನಮ್ಮದು, ಬ್ರೇಕಿನ ದ್ರವ ಒಣಗಿರುತ್ತದೆಯೇ? ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೆ ಗಾಡಿ ತಂದವರು ಹಿಂದಿನ ಮಾಲಿಕ ಏನು ಹೇಳಿದರೂ ಕೇಳದೆ ಮೊದಲ ವಾರದಲ್ಲೇ ಬದಲಿಸಬೇಕು. ಖರ್ಚು ಎಷ್ಟು? ಸ್ಟಿಕ್ಕರಿನಷ್ಟೂ ಇಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2219 ಎಂದಿದ್ದರೆ 2019ನೇ ಇಸವಿಯ 22ನೇ ವಾರದಲ್ಲಿ ತಯಾರಾದದ್ದು. ಇದನ್ನು ಓದಲು ಬಾರದೆ 'ಟೈರು ಹೊಸದರ ಹಾಗೇ ಉಂಟು' ಎಂದು ಮಾರುವವನ ಮಾತು ನಂಬುತ್ತಾರೆ. ಓಡದೆ ಶೆಡ್ಡಿನಲ್ಲಿ ನಿಂತ ಬೈಕಿನ ಟೈರಿನಲ್ಲಿ ಗೆರೆ ಚೆನ್ನಾಗಿಯೇ ಇರುತ್ತದೆ, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಐದಾರು ವರ್ಷ ಕಳೆದದ್ದನ್ನು ನಾನಂತೂ ಮಳೆಗಾಲಕ್ಕೆ ಇಟ್ಟುಕೊಳ್ಳುವುದಿಲ್ಲ. ಒಂದು ಜೊತೆ ಒಳ್ಳೆಯ ಟೈರಿಗೆ ಆಗುವುದು ಹೆಚ್ಚು ಕಡಿಮೆ ಆ ಸೈಲೆನ್ಸರಿನ ಹಣವೇ.

ಟೈರಿನದ್ದೇ ಇನ್ನೊಂದು ತಮಾಷೆ ಕೇಳಿ. ಈ 411 ಹಿಮಾಲಯನ್‌ನ ಚಕ್ರ ಕಡ್ಡಿಯದ್ದು, ಒಳಗೆ ಟ್ಯೂಬು. ಹುಡುಗರು ಟೂರಿಗೆ ಒಯ್ಯುವುದು ಟ್ಯೂಬ್‌ಲೆಸ್ ಟೈರಿಗೆ ಬತ್ತಿ ತುರುಕುವ ಪಂಚರ್ ಕಿಟ್ಟು! ಜಾಹೀರಾತು ನೋಡಿ ತರಿಸಿದ್ದು. ಪಾಣತ್ತೂರು ದಾಟಿ ಭಾಗಮಂಡಲದ ಕಾಡು ರಸ್ತೆಯಲ್ಲಿ ಪಂಚರ್ ಆದರೆ ಆ ಬತ್ತಿಯನ್ನು ದೇವರಿಗೆ ಹಚ್ಚಬಹುದು, ಅಷ್ಟೆ. ಬೇಕಾದ್ದು ಟೈರ್ ಬಿಚ್ಚುವ ಎರಡು ಲಿವರು, ಒಂದು ಪಂಪು, ಪ್ಯಾಚು, ಒಂದು 21 ಇಂಚಿನ ಟ್ಯೂಬು. ತುರ್ತಿಗೆ ಆ ದೊಡ್ಡ ಟ್ಯೂಬನ್ನೇ ಹಿಂದಿನ ಚಕ್ರಕ್ಕೂ ಹೇಗೋ ಸೇರಿಸಿ ಮನೆ ಮುಟ್ಟಿದವರು ಇದ್ದಾರೆ. ಜೊತೆಗೆ ಒಂದು ಕ್ಲಚ್ ಕೇಬಲು, ನಾಲ್ಕು ಫ್ಯೂಸು. ಮನೆಯಲ್ಲಿ ಒಮ್ಮೆ ನೀವೇ ಚಕ್ರ ಬಿಚ್ಚಿ ಜೋಡಿಸಿ ನೋಡಿ, ಕೈ ಕಪ್ಪಾಗಲಿ. ಅದಾಗದೆ ಸಾಮಾನು ಮಾತ್ರ ಹೊತ್ತುಕೊಂಡು ಹೋದರೆ ಅದೂ ಒಂದು ಅಲಂಕಾರವೇ.

ಚೈನಿನ ವಿಷಯ ಹೆಚ್ಚು ಎಳೆಯುವುದಿಲ್ಲ. ಹಿಂದಿನ ಹಲ್ಲುಚಕ್ರದ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಕತೆ ಮುಗಿಯಿತು. ಹಲ್ಲುಗಳು ಕೊಕ್ಕೆಯ ಹಾಗೆ ಬಾಗಿದ್ದರೂ ಅಷ್ಟೆ. ಬದಲಿಸುವುದಾದರೆ ಚೈನು, ಮುಂದಿನದ್ದು, ಹಿಂದಿನದ್ದು ಮೂರನ್ನೂ ಒಟ್ಟಿಗೆ. ತೊಳೆಯಲು ಸೀಮೆಎಣ್ಣೆ ಮತ್ತು ಮೆತ್ತಗಿನ ಬ್ರಷ್ ಸಾಕು, ಪೆಟ್ರೋಲ್ ಹಾಕಿದರೆ ಒಳಗಿನ ರಬ್ಬರ್ ಬಳೆಗಳು ಹಾಳು. ಐನೂರು ಕಿಲೋಮೀಟರಿಗೊಮ್ಮೆ ಎಣ್ಣೆ, ಮಳೆಯಲ್ಲಿ ನೆನೆದರೆ ಅದಕ್ಕೂ ಮೊದಲು. ಕೋನ್ ಸೆಟ್ಟು ನೋಡಲು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಹ್ಯಾಂಡಲನ್ನು ಮೆಲ್ಲ ತಿರುಗಿಸಿ. ನಡುವಿನಲ್ಲಿ 'ಟಕ್' ಎಂದು ಒಂದು ಕಡೆ ಕೂತು ಬಿಡುತ್ತದೆಯೇ? ಹಾಗಾದರೆ ಬೇರಿಂಗು ಹೋಗಿದೆ. ನಮ್ಮ ಹೊಂಡದ ರಸ್ತೆಗಳಲ್ಲಿ ಓಡಿದ ಗಾಡಿಗೆ ಇದು ಮಾಮೂಲು. ಗ್ಯಾರೇಜಿನವರು ಕೇಳದೆ ಹೇಳುವುದಿಲ್ಲ, ಯಾಕೆಂದರೆ ಲೈಟು ಹಾಕುವುದರಲ್ಲಿ ಸಿಗುವ ಲಾಭ ಕೋನ್ ಸೆಟ್ಟಿನಲ್ಲಿ ಇಲ್ಲ.

ಈಗ ಗಡಿಯವರಾದ ನಮಗೆ ಮಾತ್ರ ಇರುವ ವಿಷಯ. ಇದನ್ನು ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಮಂಗಳೂರು, ಪುತ್ತೂರಿನಿಂದ ಬೈಕು ತಂದು ಕೆಎ 19, ಕೆಎ 21 ನಂಬರಿನಲ್ಲೇ ವರ್ಷಗಟ್ಟಲೆ ಓಡಿಸುವ ಚಟ ನಮ್ಮಲ್ಲುಂಟು. ಯಾಕೆ ಕೇಳಿದರೆ 'ಕೆಎ ನಂಬರ್ ಅಂದರೆ ನಮ್ಮ ಹೆಮ್ಮೆ ಸರ್, ಕೆಎಲ್ 14 ಯಾಕೆ?' ಆಹಾ! ಕನ್ನಡ ಗೊತ್ತಿಲ್ಲದವರನ್ನು ಕನ್ನಡ ತರಗತಿಗೆ ಅಧ್ಯಾಪಕರಾಗಿ ಕಳಿಸಿದಾಗ ಪ್ರತಿಭಟನೆಗೆ ಬನ್ನಿ ಎಂದರೆ ಈ ಹೆಮ್ಮೆಯವರಿಗೆ ಪುರುಸೊತ್ತಿಲ್ಲ. ಒಂದನೇ ತರಗತಿಗೆ ತಮ್ಮ ಮಗುವನ್ನು ಸೇರಿಸಿ ಎಂದರೆ ಇಂಗ್ಲಿಷ್ ಮೀಡಿಯಮ್ಮಿನ ಬಸ್ಸು ಆಗಲೇ ಮನೆ ಬಾಗಿಲಿಗೆ ಬಂದಾಗಿದೆ. ಕನ್ನಡ ಉಳಿಯಬೇಕಾದ್ದು ನಂಬರ್ ಪ್ಲೇಟಿನಲ್ಲಿ ಮಾತ್ರ!

ನಿಜ ಏನೆಂದರೆ ಅದು ಹೆಮ್ಮೆ ಅಲ್ಲ, ತೆರಿಗೆ ಮತ್ತು ಓಡಾಟದ ಉದಾಸೀನ. ಬೇರೆ ರಾಜ್ಯದ ನಂಬರಿನ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು ಎಂದು ಕಾಯಿದೆ ಹೇಳುತ್ತದೆ. ಅದಕ್ಕೆ ಆಚೆಯ ಆರ್.ಟಿ.ಒ.ದಿಂದ ಎನ್ಒಸಿ, ಅಂದರೆ ಫಾರ್ಮ್ 28. ಮಾಲಿಕತ್ವ ಬದಲಿಸಲು 29 ಮತ್ತು 30. ಸಾಲದಲ್ಲಿ ತೆಗೆದ ಗಾಡಿಯಾಗಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35. ಇಲ್ಲಿಯ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯದ್ದನ್ನು ವಾಪಸು ಕೇಳಿ ಅಲೆಯಬೇಕು. ಕಿರಿಕಿರಿ ಹೌದು. ಎರಡು ಸರಕಾರಗಳ ನಡುವೆ ಚೆಂಡಾಗುವುದು ಗಡಿಯವರ ಹಣೆಬರಹ, ಅದನ್ನು ಸುಲಭ ಮಾಡಿ ಎಂದು ನಾವು ಗಟ್ಟಿಯಾಗಿಯೇ ಕೇಳಬೇಕು. ಆದರೆ ಈ ಕಿರಿಕಿರಿ ತಪ್ಪಿಸಲು ತಲಪಾಡಿಯಾಚೆಯ ಮಾವನ ವಿಳಾಸ ಕೊಡುವುದು, ಇಲ್ಲವೇ ಆರ್.ಸಿ.ಯನ್ನು ಹಳೆ ಮಾಲಿಕನ ಹೆಸರಿನಲ್ಲೇ ಬಿಟ್ಟು ಸಹಿ ಹಾಕಿದ ಖಾಲಿ ಫಾರ್ಮು ಸೀಟಿನಡಿ ಇಟ್ಟುಕೊಂಡು ತಿರುಗುವುದು, ಇದರಲ್ಲಿ ಏನು ಶೌರ್ಯ?

ಆ ಹಳೆ ಮಾಲಿಕನನ್ನು ಒಮ್ಮೆ ನೆನೆಸಿಕೊಳ್ಳಿ. 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಏನೆಂದರೆ, ಗಾಡಿ ಎಷ್ಟು ಕೈ ಬದಲಾದರೂ ಸರಿ, ದಾಖಲೆಯಲ್ಲಿ ಯಾರ ಹೆಸರು ಉಂಟೋ ಅವನೇ ಮಾಲಿಕ, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ. ನೀವು ಮುಳ್ಳೇರಿಯದಲ್ಲಿ ಒಬ್ಬರಿಗೆ ಗುದ್ದಿದರೆ ಬಂಟ್ವಾಳದಲ್ಲಿ ಮಲಗಿದವನಿಗೆ ನೋಟಿಸು. ನಿಮಗೂ ಸುಖ ಇಲ್ಲ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕದಿದ್ದರೆ ನಿಮ್ಮ ಗಾಡಿಗಾದ ಹಾನಿಗೆ ಕಂಪೆನಿ ಹಣ ಕೊಡದೆ ಕೈ ಎತ್ತಬಹುದು. ಹಾಗಾಗಿ 'ಅಪ್‌ಗ್ರೇಡ್' ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಆರ್.ಸಿ. ಮತ್ತು ವಿಮೆ. ಅದಕ್ಕೆ ಫಳ ಫಳ ಹೊಳಪಿಲ್ಲ, ಫೋಟೋದಲ್ಲಿ ಕಾಣುವುದಿಲ್ಲ. ಅಂದ ಹಾಗೆ, ಕನ್ನಡ ಅಂಕಿಯಲ್ಲಿ ನಂಬರ್ ಬರೆಸುವ ಉತ್ಸಾಹಿಗಳಿಗೂ ಒಂದು ಮಾತು. ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರ, ಸಾಮಾನ್ಯ ಅಂಕಿ ಎಂದೇ ನಿಯಮ. ಮಡ್‌ಗಾರ್ಡಿನಲ್ಲಿ ಬೇಕಾದಷ್ಟು ಜಾಗ ಉಂಟು, ಅಲ್ಲಿ ಕನ್ನಡ ಬರೆಯಿರಿ, ಕಾಗುಣಿತ ನೋಡಿ ಬರೆಯಿರಿ.

'ಮಾಷ್ಟ್ರಿಗೆ ಬೈಕಿನ ಪಂಚಾತಿಕೆ ಯಾಕೆ, ಪಾಠ ಮಾಡಿದರೆ ಸಾಲದೇ?' ಎಂದು ಕೇಳುವವರಿಗೆ ಉತ್ತರ ಮೇಲೆಯೇ ಉಂಟು. ಓಮನ ನಿಯಮ, ಚಲನ ಶಕ್ತಿ, ಕುದಿಯುವ ಬಿಂದು, ಘರ್ಷಣೆ... ಎಲ್ಲವನ್ನೂ ಕನ್ನಡದಲ್ಲೇ ಕಲಿಸಿದ್ದೇವೆ. ಹುಡುಗರು ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆದು ಅಲ್ಲೇ ಬಿಟ್ಟು ಬಂದಿದ್ದಾರೆ. ಗ್ಯಾರೇಜಿಗೆ ಹೋದಾಗ 'ನಾವು ಕನ್ನಡ ಮೀಡಿಯಮ್ಮು, ಮ್ಯಾನುವಲ್ ಇಂಗ್ಲಿಷಿನಲ್ಲಿ ಉಂಟು' ಎಂದು ನೆಪ ಹೇಳಿ, ಮೆಕ್ಯಾನಿಕ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಆ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಚಿತ್ರ ಮತ್ತು ಅಂಕಿ. ಗಾಳಿ ಎಷ್ಟು, ಆಯಿಲ್ ಎಷ್ಟು, ಚೈನು ಎಷ್ಟು ಸಡಿಲ ಇರಬೇಕು. ಸಿಲಿಂಡರಿಗೆ, ಬೇರಿಂಗಿಗೆ ಕನ್ನಡ ಶಬ್ದ ಹುಡುಕಿಕೊಂಡು ಕೂರಬೇಕೆಂದೂ ಇಲ್ಲ. ಕೋನ್ ಸೆಟ್ಟು ಕೋನ್ ಸೆಟ್ಟೇ. ಅದು ಯಾಕೆ ಸವೆಯುತ್ತದೆ, ಸವೆದರೆ ಏನಾಗುತ್ತದೆ ಎಂದು ಕನ್ನಡದಲ್ಲಿ ಯೋಚಿಸಲು ಬಂದರೆ ಆಯಿತು. ಹತ್ತು ವರ್ಷ ಶಾಲೆಯಲ್ಲಿ ಅಷ್ಟೂ ಕಲಿಸದಿದ್ದರೆ ನಾವೆಲ್ಲ ಮಾಡಿದ್ದು ಎಂತ?

ದುಡ್ಡು ಇನ್ನೂ ಉಳಿದರೆ ಏನು ಹಾಕಿಸಬಹುದು ಎಂದು ಕೇಳುವವರಿಗೂ ಹೇಳುತ್ತೇನೆ. ಒಳ್ಳೆಯ ಹೆಲ್ಮೆಟ್ ಎರಡು. ಕೇರಳದಲ್ಲಿ 2019ರ ಡಿಸೆಂಬರಿನಿಂದ ಹಿಂದೆ ಕೂತವರಿಗೂ ಅದು ಕಡ್ಡಾಯ, ತೆಂಗಿನ ಚಿಪ್ಪಿನಂಥದ್ದನ್ನು ಕೊಟ್ಟು ಗೆಳೆಯನನ್ನು ಕೂರಿಸಬೇಡಿ. ಬೆನ್ನು ನೋವಿದ್ದರೆ ಸೀಟು. ಸಾಮಾನು ಇಡುವ ಚೀಲ, ಭಾರವಾದದ್ದು ಕೆಳಗೆ ಬರುವ ಹಾಗೆ, ಎರಡೂ ಬದಿ ಸಮತೂಕದಲ್ಲಿ. ಇಷ್ಟು ಸಾಕು ಘಟ್ಟ ಹತ್ತಲು.

ಮಳೆಗಾಲಕ್ಕೆ ಮೊದಲು, ಮೇ ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಶಾಲೆಯ ಮೈದಾನದಲ್ಲಿ ನಾನಿರುತ್ತೇನೆ. ಹಳೆ ವಿದ್ಯಾರ್ಥಿಗಳು ತಮ್ಮ ತಮ್ಮ ಬೈಕು, ಆರ್.ಸಿ., ವಿಮೆ ಪತ್ರ, ಮ್ಯಾನುವಲ್ ತನ್ನಿ. ಟೈರಿನ ತಾರೀಕು ಓದುವ, ಪ್ಯಾಡು ನೋಡುವ, ಫಾರ್ಮ್ ತುಂಬಿಸಲು ಬಾರದವರಿಗೆ ತುಂಬಿಸಿ ಕೊಡುವ. ಸೀಮೆಎಣ್ಣೆ, ಬ್ರಷ್ ನನ್ನ ಲೆಕ್ಕದಲ್ಲಿ, ಚಾ ಕೂಡಾ. ಬೊಬ್ಬೆ ಹಾಕುವ ಸೈಲೆನ್ಸರಿನವರು ಗೇಟಿನ ಹೊರಗೇ ಎಂಜಿನ್ ಆಫ್ ಮಾಡಿ ತಳ್ಳಿಕೊಂಡು ಬರಬೇಕು. 200 ಕಿಲೋ ಉಂಟು, ನೆನಪಿರಲಿ.